ಶಿವವ್ವನ ಕುಳ್ಳಿನ ಒಟ್ಟಲು

ತುಕ್ಕಾನಟ್ಟಿ, ಮಂಗಳವಾರ, 11 ನವೆಂಬರ್ 2025

ಗುಡುಬಿ ಚಾಚಿಯ ಹೆಬ್ಬೆಟ್ಟು ಇವತ್ತ ನಾನೇ ಹಿಡಿದು ಒತ್ತಿಸಿದೆ. ದೇಶದ ತುಂಬ ಹಳ್ಳಿ ಮನಿ ಜಾಗಾಕ್ಕ ಸರಕಾರ ಹಕ್ಕಿನ ಕಾರ್ಡ್ ಕೊಡಾಕತ್ತೈತಿ. ಅಳತಿ ಸರಿ ಐತಿ ಅಂತ ಅಕಿ ಒಪ್ಪಿಗಿ ಬೇಕಾಗಿತ್ತು.

ಅಳತಿ ಸರಿ ಇಲ್ಲ. ಅಳತಿಗೆ ಡ್ರೋನ್ ಹಾರೋ ದಿನ ಪಂಚಾಯ್ತಿ ಕಡಿಂದ ಮನಿ ಸುತ್ತ ಸುಣ್ಣದ ಗೆರಿ ಹಾಕಿದಾಕಿ ನಾನು. ಚಾಚಿ ಅವತ್ತ ನಿಡಸೋಸಿಗೆ, ತಂಗಿ ಮನಿಗೆ ಹೋಗಿದ್ದಳು. ಅಕಿ ಅಂಗಳದಾಗ ಬಾಜೂ ಮನಿ ಶಿವವ್ವನ ಸಗಣಿ ಕುಳ್ಳಿನ ಒಟ್ಟಲು ಇತ್ತು. ಕುಳ್ಳು ಶಿವವ್ವಂದು, ಅಂದ್ರ ಜಾಗಾನೂ ಅಕಿದೇ ಅಂತ ತಿಳಿದು, ಯಾರನ್ನೂ ಕೇಳದ ಒಟ್ಟಲಿನ ಈಚಿಗೆ, ಚಾಚಿ ಮನಿ ಕಡೆ ಗೆರಿ ಎಳದೆ; ಆ ಜಾಗಾ ಶಿವವ್ವನ ಲೆಕ್ಕಕ್ಕ ಹೋತು. ಕುಳ್ಳು ಒಟ್ಟಾಕ ಚಾಚಿ ಸುಮ್ನ ಬಿಟ್ಟುಕೊಟ್ಟ ಜಾಗಾ ಅದು ಅಂತ ಹೋದ ವಾರ ಗೊತ್ತಾತು.

ತಕರಾರು ಕೊಡಾಕ ನಾಳೆತನಕ ವೇಳೆ ಐತಿ. ಆದ್ರ ತಪ್ಪು ನಂದು ಅಂತ ನಾನೇ ಬರೆದುಕೊಡಬೇಕು.

"ನೀವೇ ಅಳದೀರಲ್ರಿ ಬಾಯಾರ, ನಾ ಏನ್ ನೋಡ್ಲಿ?" ಅಂದಳು ಚಾಚಿ. ಚಹಾ ಕೊಟ್ಟಳು. ಕುಡದೆ.

ಅಷ್ಟರಾಗ ಶಿವವ್ವ ಬುಟ್ಟಿ ಹಿಡಕೊಂಡು ಬಂದು, ದಿನಾ ಕೇಳೋ ಹಂಗ ಅಂಗಳದ ಹೊರಗ ನಿಂತು, "ಚಾಚಿ, ನಾಕ ಕುಳ್ಳು ತಗೊಳ್ಲೇನು?" ಅಂದಳು.

"ಕೇಳೋದೇನೈತಿ, ಬಾ ಯವ್ವಾ. ನಿಂದೇ ಅಂಗಳ."

ಹೆಬ್ಬೆಟ್ಟಿನ ಕಾಗದ ಇನ್ನೂ ನನ್ನ ಚೀಲದಾಗ ಐತಿ.