ಒಬ್ಬಳೇ ಓಡಿದ ನೂರು ಮೀಟರ್

ಅಕ್ಕನಿಗೆ ನಮಸ್ಕಾರ. ಕಾರ್ಡಿನಲ್ಲಿ ಜಾಗ ಕಡಿಮೆ, ನೇರವಾಗಿ ಬರೆಯುತ್ತೇನೆ. ನಿನ್ನೆ ತಂಡದ ಆಯ್ಕೆಯ ಮೊದಲ ಸುತ್ತಿನ ನೂರು ಮೀಟರ್ ಓಟದಲ್ಲಿ ನಿನ್ನ ಮಗಳೇ ಮೊದಲು ಬಂದಳು. ಉಳಿದ ಏಳು ಜನ ಗೆರೆ ಬಿಟ್ಟು ಕದಲಲೇ ಇಲ್ಲ.

ನಮ್ಮ ಶಾಲೆಯ ಮೈದಾನದಲ್ಲಿ ಪಿಸ್ತೂಲ್ ಎಲ್ಲಿತ್ತು? ಡ್ರಿಲ್ ಮೇಷ್ಟ್ರು ಎರಡು ಮರದ ಹಲಗೆ ಒಂದಕ್ಕೊಂದು ಬಡಿದರೆ ಓಡಬೇಕು, ಅಷ್ಟೇ. ಇಲ್ಲಿ ಎಲ್ಲರೂ ಗುಂಡಿನ ಸದ್ದಿಗೆ ಬಗ್ಗಿ ಕಾಯುತ್ತಿರುವಾಗ ಹಿಂದೆ ಕೂತಿದ್ದ ದಪ್ಪ ಅಧಿಕಾರಿಯೊಬ್ಬ ಎದ್ದ, ಅವನ ಕುರ್ಚಿ ಫಟ್ಟೆಂದು ಮಡಚಿಕೊಂಡಿತು. ಇವಳು ಹೊರಟೇಬಿಟ್ಟಳು. ವಾಪಸ್ ಕರೆಯಲು ಪಿಸ್ತೂಲ್ ಹಾರಿಸಿದರೆ, ಉಳಿದವರೂ ಬೆನ್ನಿಗೆ ಬಂದರೆಂದು ತಿಳಿದು ಇನ್ನೂ ಜೋರಾಗಿ ಓಡಿದಳು. ಕೊನೆ ಮುಟ್ಟಿ ಕೈ ಎತ್ತಿದಾಗ ಇಡೀ ಸ್ಟೇಡಿಯಂ ನಗುತ್ತಿತ್ತು.

"ಹುಡುಗೀಗೆ ಕಿವಿ ಸರಿ ಇಲ್ವೇನ್ರೀ?" ಎಂದ ತಂಡದ ಮ್ಯಾನೇಜರು.

"ಕಿವಿ ಚುರುಕಾಗಿರೋದಕ್ಕೇ ಸ್ವಾಮಿ ಈ ಗತಿ" ಎಂದೆ.

ಫೈನಲ್ ಮುಟ್ಟಿದರೆ ತಂಡದಲ್ಲಿ ಖಾಯಂ ಎಂದಿದ್ದವರೇ ಗುಂಡಿಗೆ ಮೊದಲೇ ಹೊರಟಳೆಂದು ಅವಳ ಹೆಸರು ಹೊಡೆದುಹಾಕಿದ್ದಾರೆ. ದಪ್ಪ ಮನುಷ್ಯ ಇವತ್ತೂ ಅದೇ ಕುರ್ಚಿಯಲ್ಲಿ ಆರಾಮಾಗಿ ಕೂತಿದ್ದಾನೆ.

ಅವಳ ಕಾಲಿಗೇನೂ ಆಗಿಲ್ಲ, ಊಟ ಮಾತ್ರ ಮುಟ್ಟುತ್ತಿಲ್ಲ. "ಮಾವ, ಎಷ್ಟು ಸೆಕೆಂಡಲ್ಲಿ ಓಡ್ದೆ ಅಂತ ಯಾರಾದ್ರೂ ನೋಡಿದ್ರಾ?" ಎಂದು ಕೇಳಿದಳು. ಗಡಿಯಾರವನ್ನು ಶುರುವೇ ಮಾಡಿರಲಿಲ್ಲ. "ನಾನು ನೋಡ್ದೆ ಕಣೇ, ಇಷ್ಟು ಜೋರಾಗಿ ನೀನು ಯಾವತ್ತೂ ಓಡಿರ್ಲಿಲ್ಲ" ಎಂದೆ. ನನ್ನ ಕೈಯಲ್ಲಿ ವಾಚೇ ಇರಲಿಲ್ಲ. ಮುಂದಿನ ವಾರ ಬಂದು ಅವಳು ಈ ಮಾತು ಹೇಳಿದರೆ, ಹೌದು, ಮಾವನೂ ಹಾಗೇ ಬರೆದಿದ್ದ ಅನ್ನು. ಕಾರ್ಡು ಮಾತ್ರ ತೋರಿಸಬೇಡ.

ನಿನ್ನ ತಮ್ಮ