ಬಿಚ್ಚಿಟ್ಟ ಇದ್ದಿಲ ಡಬ್ಬಿ

ಅಪ್ಪಾ,

ಎದ್ದ ತಕ್ಷಣ ಗ್ಯಾಸ್ ಗೀಸರ್ ಹಚ್ಚಬೇಡಿ. ಸಿಲಿಂಡರ್ ಮುಚ್ಚಿದ್ದೇನೆ. ಇವತ್ತು ತಣ್ಣೀರು ಸ್ನಾನ, ಇಲ್ಲವೇ ಸ್ನಾನಕ್ಕೇ ರಜೆ.

ಶೆಡ್ಡಿನಿಂದ ಬಚ್ಚಲವರೆಗೂ ಪೆಟ್ರೋಲ್ ವಾಸನೆ. ಇಲಿ ಪೈಪು ಕಡಿದಿರಬೇಕು ಅಂದಿರಿ. ಇಲಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ. ಕಾರಿನ ಟ್ಯಾಂಕಿನಿಂದೇಳುವ ಪೆಟ್ರೋಲ್ ಆವಿ ಹಿಡಿದಿಡುವ ಇದ್ದಿಲ ಡಬ್ಬಿಯನ್ನು ಬಿಚ್ಚಿ, ಪೈಪಿನ ಬಾಯಿ ತೆರೆದೇ ಬಿಟ್ಟವರು ನೀವು. "ಅದು ದಂಡದ ಸಾಮಾನು, ತೆಗೆದ್ರೆ ಕಾರು ಕುದುರೆ ಥರ ಓಡತ್ತೆ" ಅಂತ ಪಕ್ಕದ ಮನೆಯವರಿಗೆ ಜಂಬ ಕೊಚ್ಚಿದ್ದು ನನಗೂ ಕೇಳಿಸಿತು. ಕುದುರೆ ನಿಂತಲ್ಲೇ ನಿಂತಿದೆ. ಓಡಾಡುತ್ತಿರುವುದು ಆವಿ ಮಾತ್ರ.

ಶೆಡ್ಡಿನ ಬಾಗಿಲು ತೆರೆದಿದ್ದೇನೆ, ಮುಚ್ಚಬೇಡಿ. ಅಲ್ಲಿನ ಸ್ವಿಚ್ಚು ಮುಟ್ಟಬೇಡಿ. ಕಾರಿನ ಕೀ ನನ್ನ ಬ್ಯಾಗಿನಲ್ಲಿದೆ, ಹುಡುಕಿ ಸುಸ್ತಾಗಬೇಡಿ. ಹತ್ತಕ್ಕೆ ಮೆಕ್ಯಾನಿಕ್ ಬರುತ್ತಾರೆ. ಡಬ್ಬಿಯನ್ನು ಒರೆಸಿ ಮೆಟ್ಟಿಲ ಮೇಲೆ ಇಟ್ಟಿದ್ದೇನೆ. ಕೊಟ್ಟು ಸುಮ್ಮನಿರಿ, ಪಾಠ ಮಾಡಬೇಡಿ.

ಮೂವತ್ತು ವರ್ಷ ಅಗ್ನಿಶಾಮಕ ದಳದಲ್ಲಿ ದುಡಿದವರು ನೀವು! ಚಿಕ್ಕವಳಿದ್ದಾಗ ನಾನು ಬೆಂಕಿಪೊಟ್ಟಣ ಮುಟ್ಟಿದರೆ ಕೂಗಿ ಊರೇ ಒಂದು ಮಾಡುತ್ತಿದ್ದಿರಿ.

ನಿವೃತ್ತಿಯಾದ ಮೇಲೆ ದಳದ ಹಳೇ ಗೆಳೆಯರಿಲ್ಲದೆ ಬೇಜಾರಾಗುತ್ತದೆ ಅಂತ ಗೊತ್ತಪ್ಪಾ. ಫೋನ್ ಮಾಡಿ, ಭಾನುವಾರ ಕಾಫಿಗೆ ಕರೆಯಿರಿ. ಕೆಂಪು ಗಾಡಿಯಲ್ಲಿ ಗಂಟೆ ಹೊಡೆದುಕೊಂಡು ಬರುವ ಹಾಗೆ ಮಾಡಬೇಡಿ.