ಕರೆಯದ ಹೆಸರಿಗೆ ಹಾಜರಿ

ಅವ್ವಾ,

ನೀನು ತೀರಿಕೊಂಡು ಎರಡು ವರ್ಷವಾದರೂ ಸಂಘದ ವರದಿಯನ್ನು ನಿನಗೇ ಒಪ್ಪಿಸುತ್ತಿದ್ದೇನೆ.

ಖರ್ಚು ಕಡಿತವೆಂದು ನಮ್ಮ ವಾರ್ಡಿನ ಹನ್ನೆರಡು ಪೌರಕಾರ್ಮಿಕರಲ್ಲಿ ನಾಲ್ವರನ್ನು ತೆಗೆಯುತ್ತಾರೆಂದು ಗೊತ್ತಾಗಿ, ನಿನ್ನೆ ಕೆಂಬಾವುಟ ಹಿಡಿದು ಸಂಜೆಯವರೆಗೂ ಪಾಲಿಕೆ ಕಚೇರಿಯ ಮುಂದೆ ಕೂತೆವು. ಒಳಗಿಂದ ಒಬ್ಬರೂ ಹೊರಗೆ ಬರಲಿಲ್ಲ. ಕೊನೆಗೆ ನಾನೇ ಮೈಕು ಹಿಡಿದೆ.

"ನಾಳೆ ಹಾಜರೀಲಿ ನಮ್ಮವ್ವ ಕಲಿಸಿದಂಗೇ ಮಾಡಾಣ. ಯಾರ ಹೆಸರು ಕೂಗದೆ ಬುಡ್ತಾರೋ, ಅವ್ರ ಪರವಾಗಿ ಎಲ್ಲಾರೂ ಒಟ್ಟಿಗೇ 'ಬಂದವ್ರೆ' ಅನ್ನಾಣ."

ಎಲ್ಲರೂ ಚಪ್ಪಾಳೆ ತಟ್ಟಿದರು.

ಇವತ್ತು ಬೆಳಿಗ್ಗೆ ಕೆಸರೆ ಬಡಾವಣೆಯ ನೀರಿನ ಟ್ಯಾಂಕಿನ ಹತ್ತಿರ ಸೂಪರ್‌ವೈಸರ್ ಹೊಸ ಪಟ್ಟಿ ತೆಗೆದ. "ಧರಣಿ" ಎಂದ. "ಇದ್ದೀನಿ ಸಾರ್" ಅಂದೆ. ನನ್ನ ನಂತರ ಮಂಟಯ್ಯಣ್ಣನ ಹೆಸರು ಬರಬೇಕಿತ್ತು, ಬರಲಿಲ್ಲ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ನನ್ನ ಚಪ್ಪಲಿ ನೋಡುತ್ತಾ ನಿಂತೆ. ಉಳಿದ ಮೂವರ ಹೆಸರನ್ನೂ ಬಿಟ್ಟು ಪಟ್ಟಿ ಮುಗಿದೇ ಹೋಯಿತು.

"ಓಗ್ಲಿ ಬುಡು ಕಣಮ್ಮ, ನಿಂಗೂ ಮಕ್ಕಳವ್ರೆ" ಎಂದರು ಮಂಟಯ್ಯಣ್ಣ. ಆದರೆ ಅವರು ಮನೆಗೆ ಹೋಗಲಿಲ್ಲ. ಇಪ್ಪತ್ತು ವರ್ಷ ಗುಡಿಸಿದ ಬೀದಿಯನ್ನು ಇವತ್ತೂ ಆ ತುದಿಯಿಂದ ಈ ತುದಿಯವರೆಗೆ ಗುಡಿಸಿ, ಪೊರಕೆಯನ್ನು ನನ್ನ ಗಾಡಿಗೆ ಒರಗಿಸಿ ಹೋದರು.

ನಿನ್ನನ್ನು ಕೆಲಸದಿಂದ ತೆಗೆದ ದಿನ ನೀನೂ ಹೀಗೇ ಗುಡಿಸಿದ್ದೆ. ಹಾಜರಿ ಪುಸ್ತಕದಲ್ಲಿ ನಿನ್ನ ಹೆಸರು ಚಿಕ್ಕಮಾದಮ್ಮ ಆದ ಮೇಲೆ ನನ್ನದು, ಧರಣಿ. ಅವತ್ತು ನಿನ್ನ ಹೆಸರನ್ನು ಬಿಟ್ಟು ನನ್ನದನ್ನು ಕೂಗಿದಾಗ ನಾನು ಇವತ್ತಿನಂತೆಯೇ "ಇದ್ದೀನಿ ಸಾರ್" ಎಂದಷ್ಟೇ ಅಂದದ್ದನ್ನು ನೀನು ನನ್ನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದೆ.